ಹೊರಗಟ್ಟೆಯ ಬೂಟು

ನಮ್ಮ ಮನೆಯಲ್ಲಿ ಅಪ್ಪನ ಬೂಟಿಗೆ ಹೊಸ್ತಿಲು ದಾಟುವ ಹಕ್ಕಿರಲಿಲ್ಲ. ನಾವು ಮಿರಜದ ಜೈನರು. ತೊಗಲು ಮುಟ್ಟುವುದಿಲ್ಲ ಎಂಬ ನಿಯಮವನ್ನು ಅವ್ವ ಮದುವೆಗೆ ಮುಂಚೆಯೇ ಹಿಡಿದವಳು. ಅಪ್ಪನೋ ಸಾಂಗಲಿ ಕೋರ್ಟಿನ ವಕೀಲ. ಕರಿ ತೊಗಲಿನ ಬೂಟಿಲ್ಲದೆ ಮನೆಯಿಂದ ಕದಲುತ್ತಿರಲಿಲ್ಲ. ಹೀಗಾಗಿ ಬೂಟಿನ ಸಂಸಾರವೆಲ್ಲ ಹೊರಗಟ್ಟೆಯ ಮರದ ಪೆಟ್ಟಿಗೆಯಲ್ಲಿ: ಬ್ರಶ್ಶು, ಕ್ರೀಮು, ಮೇಣದ ಡಬ್ಬಿ, ಹಳೆ ಬನಿಯನ್ನಿನ ಚಿಂದಿ. ಮೇಣದಲ್ಲಿ ಜೇನುಹುಟ್ಟಿನದೂ ಇರುತ್ತದೆ ಎಂದು ಯಾರೋ ಹೇಳಿದ ಮೇಲೆ, ಜೇನನ್ನೂ ಮುಟ್ಟದ ಅವ್ವ ಆ ಪೆಟ್ಟಿಗೆಯ ಕಡೆ ನೋಡುವುದನ್ನೂ ಬಿಟ್ಟಳು.

ಮಳೆಗಾಲದ ಚಾತುರ್ಮಾಸಕ್ಕೆ ಬಸದಿಯಲ್ಲಿ ಮುನಿಗಳು ತಂಗಿದಾಗಲೆಲ್ಲ ಅವ್ವ ಮಡಿಸೀರೆಯುಟ್ಟು, ಅಡುಗೆ ಮಾಡಿಟ್ಟು, ಕಲಶ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಆಹಾರಕ್ಕೆ ಹೊರಟ ಮುನಿಗಳು ಮಾತಾಡುವುದಿಲ್ಲ. ಮನಸ್ಸಿನಲ್ಲಿ ನೇಮಿಸಿಕೊಂಡ ಗುರುತು ಯಾವ ಬಾಗಿಲಲ್ಲಿ ಕಂಡಿತೋ ಅಲ್ಲಿ ನಿಲ್ಲುತ್ತಾರೆ. ನಮ್ಮ ಬಾಗಿಲಲ್ಲಿ ಒಮ್ಮೆಯೂ ನಿಂತಿರಲಿಲ್ಲ. ಅವ್ವ ಸೀರೆ, ಬಂಗಾರ ಎಂದವಳಲ್ಲ. ತನ್ನ ಕೈಯ ತುತ್ತು ಒಂದು ಸಲ ಮುನಿಗಳ ಅಂಗೈಗೆ ಬೀಳಬೇಕು, ಅದೊಂದೇ ಆಸೆ.

"ಬಾಗಲಾಗ ತೊಗಲ ಇಟ್ಕೊಂಡ ಕುಂತ್ರ ಮುನಿಮಹಾರಾಜರು ಹೆಂಗ ಬರ್ತಾರ್ರಿ?" ಎಂದು ಒಳಗಿನಿಂದಲೇ ಅನ್ನುತ್ತಿದ್ದಳು.

"ಮೊದಲ ಸಾಕ್ಷಿ ಕೊಡ. ಆಮ್ಯಾಲ ಆರೋಪ ಮಾಡ," ಎಂದು ಅಪ್ಪ ಬ್ರಶ್ಶು ತಿಕ್ಕುತ್ತಲೇ ವಾದ ಹೂಡುತ್ತಿದ್ದ. ಕೋರ್ಟಿನಲ್ಲಿ ಏನೋ, ಮನೆಯಲ್ಲಿ ಅವನು ಗೆದ್ದದ್ದು ನನಗೆ ನೆನಪಿಲ್ಲ.

ಕಳೆದ ವರ್ಷ ಅಪ್ಪನನ್ನು ಕೊಂಡೊಯ್ದ ಕ್ಯಾನ್ಸರು ಮೊದಲು ಅವನ ಕೈಕಾಲು ಕಸಿಯಿತು. ಔಷಧದಿಂದ ಬೆರಳು ಜೋಮು ಹಿಡಿದವು, ಪಾದ ಬಾತವು. ಕೋರ್ಟು ನಿಂತಿತು, ಬೂಟು ನಿಲ್ಲಲಿಲ್ಲ. ಆಸ್ಪತ್ರೆಗೂ ಅದೇ ಬೇಕು. ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ?

"ಚಪ್ಪಲ ಮ್ಯಾಲ ಹೋದ್ರ ಪೇಶಂಟ ಅಂತಾರ. ಬೂಟ ಹಾಕ್ಕೊಂಡ ಹೋದ್ರ ವಕೀಲಸಾಹೇಬ, ಯಾ, ಬಸಾ ಅಂತ ಮರಾಠಿಯೊಳಗ ಕರದ ಕುಂದ್ರಸ್ತಾರ."

ಬೂಟಿನ ಕೆಲಸ ನನ್ನ ಪಾಲಿಗೆ ಬಂತು. ಅಪ್ಪ ಕಟ್ಟೆಯ ಮೇಲೆ ಕುಳಿತು ಹೇಳಿಕೊಡುತ್ತಿದ್ದ. ಲೇಸು ಬಿಚ್ಚಿ, ಒದ್ದೆ ಬಟ್ಟೆಯಿಂದ ಧೂಳು ಒರೆಸಬೇಕು. ಆಮೇಲೆ ಬೆರಳಿಗೆ ಚಿಂದಿ ಸುತ್ತಿ ಕ್ರೀಮನ್ನು ತೆಳ್ಳಗೆ ಸವರಬೇಕು, ಮಡಿಕೆ ಬೀಳುವಲ್ಲಿ ಇನ್ನೊಂದು ಸಲ. "ತೊಗಲಿಗೂ ನೀರಡಿಕಿ ಆಗ್ತೈತಿ. ಕುಡೀಲಿ ತಡಿ, ಗಡಿಬಿಡಿ ಮಾಡಬ್ಯಾಡ." ಕುಡಿದು ಮೆತ್ತಗಾದ ಮೇಲೆ ಬ್ರಶ್ಶು. ಕೊನೆಗೆ ಬೂಟಿನ ಮೂತಿಗೆ ಮಾತ್ರ ಮೇಣ, ಹನಿ ನೀರು ತಾಗಿಸಿ ಗುಂಡಗೆ ಉಜ್ಜುವುದು. ಹೊಳಪು ನನಗೆ ಬೇಕಿರಲಿಲ್ಲ. ತೊಗಲು ಮೆತ್ತಗಾಗಿ ಆ ಪಾದ ನೋವಿಲ್ಲದೆ ಒಳಗೆ ಹೋದರೆ ಸಾಕಿತ್ತು. ನಾನು ಕ್ರೀಮು ಹೆಚ್ಚಿಸಿದೆ, ಪಾದ ಇನ್ನಷ್ಟು ಬಾತಿತು. ಸಿಟ್ಟು ಬರುತ್ತಿತ್ತು, ಯಾರ ಮೇಲೆ ಎಂದು ತಿಳಿಯುತ್ತಿರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ನಾವು ಆಸ್ಪತ್ರೆಗೆ ಹೊರಡುವ ಹೊತ್ತೂ ಮುನಿಗಳು ಆಹಾರಕ್ಕೆ ಹೊರಡುವ ಹೊತ್ತೂ ಒಂದೇ ಆಯಿತು. ಓಣಿ ತೊಳೆದು ರಂಗೋಲಿ ಹಾಕಿದ್ದರಿಂದ ರಿಕ್ಷಾ ಒಳಗೆ ಬರುವಂತಿರಲಿಲ್ಲ. ದಿನವೂ ಲೇಸು ಕಟ್ಟುವವಳು ನಾನು. ಅಂದು ಅಪ್ಪನಿಗೆ ಬೂಟು ತೊಡಿಸಿ, ಲೇಸು ಹಾಗೇ ಬಿಟ್ಟು, ರಿಕ್ಷಾ ಹಿಡಿಯಲು ಓಣಿಯ ತುದಿಗೆ ಓಡಿದೆ. ತಿರುಗಿ ಬರುವಾಗ ಮುನಿಗಳು ನನ್ನ ಮುಂದೆ ನಡೆಯುತ್ತಿದ್ದರು. ಎರಡೂ ಬದಿಯ ಬಾಗಿಲುಗಳಿಂದ "ನಮೋಸ್ತು, ನಮೋಸ್ತು" ಎಂಬ ಕರೆ.

ನಮ್ಮ ಕಟ್ಟೆಯಲ್ಲಿ ಅಪ್ಪ ಬಗ್ಗಿ ಲೇಸಿನ ಜೊತೆ ಹೆಣಗುತ್ತಿದ್ದ. ದಾರ ಜಾರುತ್ತಿತ್ತು, ಮತ್ತೆ ಹಿಡಿಯುತ್ತಿದ್ದ. ಯಾರನ್ನೂ ಕರೆಯಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅವ್ವ ಓಣಿಯತ್ತ ನೋಡಿದಳು, ಅಪ್ಪನ ಕೈ ನೋಡಿದಳು. ಕಲಶವನ್ನು ಒಳಗಿಟ್ಟು, ಮೆಟ್ಟಿಲಿಳಿದು, ಮಡಿಸೀರೆಯಲ್ಲೇ ನೆಲಕ್ಕೆ ಕೂತು, ಬೂಟನ್ನು ಎರಡೂ ಕೈಯಿಂದ ಹಿಡಿದಳು.

"ಏನ ಮಾಡ್ತಿ? ಮಹಾರಾಜರು ಬಂದ್ರು, ಏಳ," ಎಂದ ಅಪ್ಪ.

ಮುನಿಗಳು ನಮ್ಮ ಮನೆಯ ಎದುರು ನಿಂತರು. ನಿಜವಾಗಿಯೂ ನಿಂತು, ಖಾಲಿ ಹೊಸ್ತಿಲನ್ನು ನೋಡಿದರು. ಅವರ ಬರಿಗಾಲು ಅವ್ವನಿಗೆ ಕಾಣದೆ ಇರಲಿಲ್ಲ, ಒಂದು ಮಾರಿನಷ್ಟೂ ದೂರವಿರಲಿಲ್ಲ. ನನಗೆ ಕೂಗಬೇಕೆನಿಸಿತು, ಆದರೆ ನಾನು ಮಡಿಯಲ್ಲಿರಲಿಲ್ಲ. ಕರೆಯುವವರಿಲ್ಲದ ಬಾಗಿಲಿಗೆ ಮುನಿಗಳು ಬರುವಂತಿಲ್ಲ. ಅವರು ಮುಂದೆ ನಡೆದರು.

ಅವ್ವ ತಲೆ ಎತ್ತದೆ ಗಂಟು ಬಿಗಿದಳು. "ಇನ್ನೊಂದ ಕಾಲ ಮುಂದ ಮಾಡ್ರಿ," ಎಂದಳು.