ಬಿಳಿ ಸಂಜೆಯನ್ನು ತೂಗಿದವಳು

ತೂಕದ ಕೋಣೆಗೆ ಕಾಲಿಡುವವರ ಮೈಯಿಂದ ಯಾವ ವಾಸನೆಯೂ ಬರಕೂಡದು. ಸುಗಂಧ ತಯಾರಿಸುವ ಕಾರ್ಖಾನೆಯಲ್ಲಿ ಇದೆಂಥ ಕಟ್ಟಳೆ ಎಂದು ಹೊಸಬರು ಹುಬ್ಬೇರಿಸುತ್ತಾರೆ. ಘಮಘಮಿಸುವ ಸೋಪು ಕೂಡದು, ತಲೆಗೆ ಎಣ್ಣೆ ಕೂಡದು, ಬುತ್ತಿಯಲ್ಲಿ ಬೆಳ್ಳುಳ್ಳಿ ಕೂಡದು. ಮದುವೆಗೆ ಮುಂಚಿನಿಂದ ಹಿಡಿದು ನಿವೃತ್ತಿಯ ಹೊಸ್ತಿಲವರೆಗೂ ಇದನ್ನು ಚಾಚೂ ತಪ್ಪದೆ ಪಾಲಿಸಿದವಳೆಂದರೆ ತಕ್ಕಡಿ ಅಕ್ಕ. ಅವಳಿಗೆ ಇನ್ನೊಂದು ಹೆಸರೂ ಇದೆ ಎನ್ನುವುದು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ, ಕಡೆಗೆ ಗೇಟಿನ ಕಾವಲಿನವನಿಗೂ, ಅವಳು ತಕ್ಕಡಿ ಅಕ್ಕ.

ಅವಳು ತೂಗುತ್ತಿದ್ದದ್ದು ‘ಬಿಳಿ ಸಂಜೆ’ ಎಂಬ ಸುಗಂಧವನ್ನು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ, ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕಂದು ಸೀಸೆಗಳು, ಕೈಯಲ್ಲಿ ಹನಿ ಬಿಡುವ ಕೊಳವೆ. ಸೀಸೆಗಳು ಕೆಡದಿರಲೆಂದು ಕೋಣೆಯನ್ನು ಸದಾ ತಂಪಾಗಿಡುತ್ತಿದ್ದರು, ಹಾಗಾಗಿ ಬಿಳಿ ನಿಲುವಂಗಿಯ ಒಳಗೆ ಅವಳು ಬೂದು ಬಣ್ಣದ ಸ್ವೆಟರ್ ತೊಡುತ್ತಿದ್ದಳು. ಒಂದು ಹನಿ ಹೆಚ್ಚಾದರೆ ಇಡೀ ಪಾತ್ರೆ ಚರಂಡಿ ಪಾಲು. ಅವಳ ಕೈಯಿಂದ ಹಾಗೆ ಚರಂಡಿ ಪಾಲಾದದ್ದನ್ನು ಯಾರೂ ಕಂಡಿಲ್ಲ. ಸಂಜೆ ನಿಲುವಂಗಿಯನ್ನು ಅಲ್ಲೇ ನೇತುಹಾಕಿ, ವಾಸನೆಯಿಲ್ಲದ ಸೋಪಿನಿಂದ ಮೊಣಕೈವರೆಗೆ ತೊಳೆದುಕೊಂಡು ಮನೆಗೆ ಹೊರಡುತ್ತಿದ್ದಳು. ಬಿಳಿ ಸಂಜೆಯನ್ನು ಒಂದು ದಿನವೂ ಮೈಗೆ ಹಚ್ಚಿಕೊಂಡವಳಲ್ಲ. “ಗೇಟು ದಾಟಿ ಒಂದು ಹನೀನೂ ತಂದಿಲ್ಲ” ಎಂದು ಹೇಳುವಾಗ ಅವಳ ಕತ್ತು ತಾನಾಗಿ ನೆಟ್ಟಗಾಗುತ್ತಿತ್ತು. ಅವಳ ಗಂಡ ಗಡಿಯಾರ ರಿಪೇರಿಯವನು, ನಾಲಿಗೆಗೆ ಬಿಡುವು ಕೊಟ್ಟವನಲ್ಲ. “ಲೋಕಕ್ಕೆಲ್ಲ ಹೂವಿನ ಪರಿಮಳ ಹಂಚ್ತಾಳೆ, ನನ್ನ ಪಾಲಿಗೆ ಬಂದಿರೋದು ಮಾತ್ರ ತೊಳೆದಿಟ್ಟ ತಟ್ಟೆ” ಎನ್ನುತ್ತಿದ್ದ.

ಆ ಬಿಳಿ ಸಂಜೆ ಎಂಥದೆಂದು ಹೇಳದೆ ಮುಂದೆ ಹೋಗುವುದು ಸಾಧ್ಯವೇ ಇಲ್ಲ. ಹಿರಿಯ ಯಜಮಾನರ ಕಾಲದಲ್ಲಿ ಕಾರ್ಖಾನೆಯ ಹಿಂದೆಯೇ ಮಲ್ಲಿಗೆಯ ಹೊಲವಿತ್ತು. ಬಿಸಿಲು ತಾಕುವ ಮೊದಲೇ ಹೂ ಬಿಡಿಸಿ ತರಬೇಕು, ಇಲ್ಲದಿದ್ದರೆ ಅರ್ಧ ಪರಿಮಳ ಗಾಳಿಗೆ ದಾನ. ಒಂದು ಕೋಣೆ ತುಂಬ ಹೂ ಸುರಿದರೆ ಕೊನೆಗೆ ಕೈಗೆ ಸಿಗುವುದು ಒಂದು ಲೋಟದಷ್ಟು ಮೇಣ. ಅದಕ್ಕೆ ಗುಲಾಬಿ. ಅದಕ್ಕೆ ನೇರಳೆ ಹೂ ಬಿಡುವ ಒಂದು ಗಿಡದ ಬೇರು, ಅಗೆದಾಗ ಹಸಿ ಆಲೂಗಡ್ಡೆಯ ಹಾಗೆ ಮಣ್ಣು ನಾರುವ ಬೇರು. ಅದನ್ನು ಗೋಣಿಚೀಲದಲ್ಲಿ ಹಾಕಿ ವರ್ಷಗಟ್ಟಲೆ ಮರೆತುಬಿಡಬೇಕು. ಯಾರೂ ಏನೂ ಮಾಡದೆಯೇ ಆ ಒಣ ಬೇರಿನೊಳಗೆ ಪರಿಮಳ ಹುಟ್ಟಿಕೊಳ್ಳುತ್ತದೆ! ತಳಕ್ಕೆ ಮರದ ತೊಗಟೆಯ ಮೇಲಿನ ಪಾಚಿ. ಎಲ್ಲಕ್ಕಿಂತ ಸೋಜಿಗವೆಂದರೆ ಮಲ್ಲಿಗೆಯ ಒಳಗೇ ಅಡಗಿರುವ ಒಂದು ಅಂಶ. ಅದನ್ನೊಂದನ್ನೇ ಬೇರೆ ಮಾಡಿ ಮೂಸಿದರೆ ಹೊಲಸು ನಾರುತ್ತದೆ, ಮೂಗು ಮುಚ್ಚಿಕೊಳ್ಳಬೇಕು. ಆದರೆ ಅದನ್ನು ತೆಗೆದುಬಿಟ್ಟರೆ ಮಲ್ಲಿಗೆ ಕಾಗದದ ಹೂವಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇದನ್ನು ಕೇಳಿ ತಕ್ಕಡಿ ಅಕ್ಕನಿಗೆ ಮೈ ಜುಮ್ಮೆಂದಿತ್ತು. ನಿವೃತ್ತಿ ಹತ್ತಿರವಾದರೂ ಆ ಅಂಶವನ್ನು ಬೇರೆಯಾಗಿ ತುಂಬಿಟ್ಟ ಸೀಸೆಯ ಮುಚ್ಚಳ ತೆರೆಯುವಾಗ ಅವಳ ಎದೆ ಒಂದಿಷ್ಟು ಜೋರಾಗಿಯೇ ಹೊಡೆದುಕೊಳ್ಳುತ್ತಿತ್ತು.

ಮೊದಲ ಬಿಳಿ ಸಂಜೆ ಹೆಚ್ಚು ಕಾಲ ಬಾಳಲಿಲ್ಲ. ತಕ್ಕಡಿ ಅಕ್ಕ ಎರಡನೆಯ ಹೆರಿಗೆಗೆ ರಜೆ ಹಾಕಿ ಮನೆಯಲ್ಲಿದ್ದಾಗ ಮಲ್ಲಿಗೆಯ ಹೊಲ ರಸ್ತೆಗೆ ಹೋಯಿತು. ಪಾಚಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲವೆಂದು ಅದೂ ಹೋಯಿತು. ಅವಳು ಮಗನನ್ನು ಅತ್ತೆಯ ಮಡಿಲಿಗೆ ಹಾಕಿ ಕೆಲಸಕ್ಕೆ ಮರಳುವಷ್ಟರಲ್ಲಿ ಸೀಸೆಗಳ ಸಾಲೇ ಬೇರೆಯಾಗಿತ್ತು. ಡಬ್ಬಿಯ ಮೇಲಿನ ಹೆಸರು ಮಾತ್ರ ಹಳೆಯದು. ಆಮೇಲೆ ಬೇಸಿಗೆಗೆಂದು ‘ತಿಳಿ ಬಿಳಿ ಸಂಜೆ’ ಬಂತು. ಹುಡುಗಿಯರಿಗೆಂದು ಮಿಠಾಯಿ ಅಂಗಡಿಯಂತೆ ಸಿಹಿ ಹೊಡೆಯುವ ‘ಗುಲಾಬಿ ಸಂಜೆ’ ಬಂತು. ಗಂಡಸರನ್ನು ಏಕೆ ಬಿಡಬೇಕೆಂದು ಅವರಿಗೂ ಒಂದು ಬಂತು, ಬಂದಷ್ಟೇ ಬೇಗ ಗಂಟುಮೂಟೆ ಕಟ್ಟಿತು. ಎಲ್ಲವನ್ನೂ ಅವಳೇ ತೂಗಿದಳು, ಒಂದಕ್ಕೂ ಮೂಗು ಮುರಿಯಲಿಲ್ಲ.

ಈಗ ಕಾರ್ಖಾನೆಯವರಿಗೆ ಮೊದಲ ಬಿಳಿ ಸಂಜೆಯನ್ನೇ ಮತ್ತೆ ತರುವ ಹುಕಿ ಹತ್ತಿತ್ತು. ಮಿಶ್ರಣ ಹೇಗೆಂದು ಬರೆದಿಟ್ಟದ್ದು ಇತ್ತು, ಗುಟ್ಟೇನೂ ಇರಲಿಲ್ಲ. ಆದರೆ ಬರಹದಲ್ಲಿದ್ದ ಹೊಲ ಈಗ ಇರಲಿಲ್ಲವಲ್ಲ! ಎತ್ತಿಟ್ಟಿದ್ದ ಹಳೆಯ ಸೀಸೆಗಳು ಹುಳಿಯಾಗಿದ್ದವು. ಪರಿಮಳ ಕೂಡಿಸುವ ಕೆಲಸ ಒಬ್ಬ ಎಳೆಯ ಹೆಣ್ಣುಮಗಳದು. ಆ ಹುದ್ದೆಗೆ ಕಾರ್ಖಾನೆಯಲ್ಲಿ ‘ಮೂಗು’ ಎಂದೇ ಹೆಸರಿದ್ದುದರಿಂದ ಅವಳು ಚಿಕ್ಕ ಮೂಗು ಮೇಡಂ. ಅವಳು ಬೇರೆ ಬೇರೆ ಕಡೆಯ ಮಲ್ಲಿಗೆ ತರಿಸಿ, ಪಾಚಿಗೆ ಬದಲು ಹುಡುಕಿ, ತಿಂಗಳುಗಟ್ಟಲೆ ಹೆಣಗಿ ಮೂರು ಮಾದರಿ ಮಾಡಿದ್ದಳು. ಆದರೆ ಮೊದಲನೆಯದನ್ನು ಅವಳು ಮೂಸಿದವಳೇ ಅಲ್ಲ, ಅವಳು ಹುಟ್ಟುವ ಮೊದಲೇ ಅದು ಹೋಗಿತ್ತು. ಅದರೊಡನೆ ಕೆಲಸ ಮಾಡಿದವರಲ್ಲಿ ಈಗ ಉಳಿದವಳು ತಕ್ಕಡಿ ಅಕ್ಕ ಒಬ್ಬಳೇ.

“ಅಕ್ಕಾ, ಈ ಮೂರರಲ್ಲಿ ಯಾವುದು ಅದು? ನೀವು ಹೇಳಿದ್ದೇ ಕೊನೆ” ಎಂದು ಮೇಡಂ ಉದ್ದನೆಯ ಮೂರು ಕಾಗದದ ಪಟ್ಟಿಗಳನ್ನು ಮಾದರಿಗಳಲ್ಲಿ ಅದ್ದಿ ಅವಳ ಮುಂದೆ ಹಿಡಿದಳು.

ತಕ್ಕಡಿ ಅಕ್ಕ ಮೊದಲನೆಯದನ್ನು ಮೂಸಿದಳು. ಏನೂ ಇಲ್ಲ. ಎರಡನೆಯದು, ಏನೂ ಇಲ್ಲ. ಮೂರನೆಯದರಲ್ಲಿ ಕಾಗದದ ವಾಸನೆ. ಗಾಬರಿಯಲ್ಲಿ ಮೂರನ್ನೂ ಮತ್ತೊಮ್ಮೆ ಮೂಸಿದಳು. ಚಹಾ ಗೊತ್ತಾಗುತ್ತಿತ್ತು, ಸೀಮೆಎಣ್ಣೆ ಗೊತ್ತಾಗುತ್ತಿತ್ತು, ಪಕ್ಕದ ಮನೆಯಲ್ಲಿ ಹಾಲು ಉಕ್ಕಿದ್ದೂ ಗೊತ್ತಾಗುತ್ತಿತ್ತು. ಒಂದು ಜೀವಮಾನ ಅದರ ನಡುವೆಯೇ ಉಸಿರಾಡಿ ಉಸಿರಾಡಿ, ಬಿಳಿ ಸಂಜೆಗೆ ಮಾತ್ರ ಅವಳ ಮೂಗು ಕದ ಹಾಕಿಕೊಂಡಿತ್ತು. ಅದು ಯಾವತ್ತು ಮುಚ್ಚಿತೋ ಅವಳಿಗೇ ತಿಳಿಯದು. ತೂಗುವುದಕ್ಕೆ ಕಣ್ಣು, ಕೈ ಸಾಕಾಗಿತ್ತು, ಮೂಗಿನ ಮಾತನ್ನು ಯಾರೂ ಕೇಳಿರಲಿಲ್ಲ.

“ಮನೆಗೆ ಒಯ್ದು ನಿಧಾನವಾಗಿ ನೋಡ್ತೀನಿ ಮೇಡಂ” ಎಂದಳು. ಮೇಡಂ ಪಟ್ಟಿಗಳ ತುದಿಗೆ ಪೆನ್ಸಿಲಿನಿಂದ ಒಂದು, ಎರಡು, ಮೂರು ಚುಕ್ಕೆ ಇಟ್ಟು, ಒಂದೊಂದನ್ನೂ ಬೆಳ್ಳಿ ಹಾಳೆಯಲ್ಲಿ ಸುತ್ತಿಕೊಟ್ಟಳು. ಹೀಗೆ ತಕ್ಕಡಿ ಅಕ್ಕ ಮೊದಲ ಸಲ ಗೇಟು ದಾಟಿ ಬಿಳಿ ಸಂಜೆಯನ್ನು ಹೊರಗೆ ತಂದಳು. ಹಾಗೆಂದು ಅವಳು ತಿಳಿದಿದ್ದಳು.

ಮನೆಯಲ್ಲಿ ಗಂಡನ ಮೂಗಿನ ಕೆಳಗೆ ಮೂರನ್ನೂ ಹಿಡಿದಳು. ಭೂತಗನ್ನಡಿಯನ್ನು ಹಣೆಗೇರಿಸಿ ಅವನು ಮೂರನ್ನೂ ಗಂಭೀರವಾಗಿ ಮೂಸಿದ. “ಏನಿದೆ ಇದರಲ್ಲಿ? ನಮ್ಮ ಮನೆ ವಾಸನೆ” ಎಂದು ಮತ್ತೆ ಗಡಿಯಾರದೊಳಕ್ಕೆ ಇಳಿದುಬಿಟ್ಟ. ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅಷ್ಟರಲ್ಲಿ ಬಾಗಿಲು ತಟ್ಟಿ ಮಗಳು ಬಂದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು, ಅಪ್ಪನ ಮಾತ್ರೆ ತಂದುಕೊಡಲು ಬಂದಿದ್ದಳು. ಬರುವುದು, ಕೊಡುವುದು, ಚಪ್ಪಲಿ ಮೆಟ್ಟುವುದು, ಅವಳ ಭೇಟಿ ಅಷ್ಟರಲ್ಲೇ ಮುಗಿಯುತ್ತಿತ್ತು. ತಾಯಿ ಮಗಳ ನಡುವೆ ಜಗಳವಿತ್ತೆಂದಲ್ಲ. ಜಗಳವಿದ್ದರೆ ಸಮಾಧಾನವಾದರೂ ಆಗುತ್ತಿತ್ತು. ತಮ್ಮ ಹುಟ್ಟಿದಾಗಿನಿಂದ ಆ ಹುಡುಗಿ ತಾಯಿಯ ಹತ್ತಿರ ಸುಳಿಯುವುದನ್ನು ಬಿಟ್ಟಿದ್ದಳು. ಮಲಗುವುದು ಅಜ್ಜಿಯ ಹತ್ತಿರ, ಜಡೆ ಹಾಕಿಸಿಕೊಳ್ಳುವುದೂ ಅಜ್ಜಿಯ ಹತ್ತಿರ. ದೊಡ್ಡವಳಾದ ಮೇಲೆ ಒಮ್ಮೆ ಯಾವುದೋ ಮಾತಿಗೆ, “ನೀನು ಅವನ ಅಮ್ಮ. ನನ್ನ ಅಮ್ಮ ಯಾವತ್ತೋ ಹೋದಳು” ಎಂದಿದ್ದಳು. ತಾನು ಮಾಡಿದ ತಪ್ಪೇನು ಎಂದು ತಕ್ಕಡಿ ಅಕ್ಕ ಎಷ್ಟು ಅಳೆದು ಸುರಿದರೂ ತಿಳಿದಿರಲಿಲ್ಲ. ಕೇಳುವ ಧೈರ್ಯವಾಗಿರಲಿಲ್ಲ. ಆ ಮಾತು ಮಾತ್ರ ಮುಳ್ಳಿನಂತೆ ಒಳಗೇ ಉಳಿದಿತ್ತು.

ಮಗಳು ಮಾತ್ರೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟಳು. ತಿರುಗಿ ಹೊರಡಲಿಲ್ಲ.

“ಏನದು?” ಎಂದಳು.

“ಕಾರ್ಖಾನೆದು ಕಣೆ. ಯಾವುದು ಹಳೇದು ಅಂತ ಹೇಳಬೇಕಂತೆ.” ತಕ್ಕಡಿ ಅಕ್ಕ ಯಾರಿಗೂ ಹೇಳದ್ದನ್ನು ಹೇಳಿಬಿಟ್ಟಳು. “ನನಗೆ ಒಂದೂ ಗೊತ್ತಾಗ್ತಿಲ್ಲ. ನನ್ನ ಮೂಗು ಸತ್ತಿದೆ.”

ಮಗಳು ಕುರ್ಚಿ ಎಳೆದುಕೊಂಡು ಕೂತಳು. ಆ ಮನೆಯಲ್ಲಿ ಅವಳು ಕೂತು ಎಷ್ಟೋ ಕಾಲವಾಗಿತ್ತು. ಒಂದು ಚುಕ್ಕೆಯ ಪಟ್ಟಿ ಮೂಸಿ ಬದಿಗಿಟ್ಟಳು. ಮೂರು ಚುಕ್ಕೆಯದನ್ನು ಮೂಸಿ ಅದನ್ನೂ ಬದಿಗಿಟ್ಟಳು. ಎರಡು ಚುಕ್ಕೆಯದನ್ನು ಮೂಗಿನ ಹತ್ತಿರ ತಂದವಳು ಹಾಗೇ ಇದ್ದುಬಿಟ್ಟಳು. ಮಕ್ಕಳ ಬಾಯಿ ಅಳುವ ಮೊದಲು ಸೊಟ್ಟಗಾಗುತ್ತದಲ್ಲ, ಅವಳ ಬಾಯಿ ಹಾಗಾಯಿತು.

“ಇದು ನಿನ್ನ ಸ್ವೆಟರ್ರು” ಎಂದಳು.

“ಯಾವ ಸ್ವೆಟರ್ರು?”

“ಬೂದು ಬಣ್ಣದ್ದು. ನೀನು ಬಾಗಿಲ ಹಿಂದೆ ನೇತುಹಾಕ್ತಿದ್ದೆ. ನೀನು ಒಳಗೆ ಅಡುಗೆಗೆ ಹೋದಾಗ ನಾನು ಅದರೊಳಗೆ ಮುಖ ಇಟ್ಟು ನಿಲ್ತಿದ್ದೆ. ನೀನು ಕೆಲಸದಿಂದ ಬರೋವಾಗ ಬಾಗಿಲು ತೆಗೆಯೋ ಮೊದಲೇ ನಂಗೆ ಗೊತ್ತಾಗ್ತಿತ್ತು. ಬಂದ್ಯಾ ಅಮ್ಮಾ ಅಂತ ಒಳಗಿಂದಲೇ ಕೂಗ್ತಿದ್ದೆ. ಈ ಹುಡುಗಿಗೆ ಹೇಗೆ ಗೊತ್ತಾಗತ್ತೋ ಅಂತ ಅಜ್ಜಿ ಬೆರಗಾಗ್ತಿದ್ದಳು.”

ತಕ್ಕಡಿ ಅಕ್ಕನಿಗೆ ನೆನಪಾಯಿತು. ಮೆಟ್ಟಿಲು ಹತ್ತುವಾಗಲೇ ಕೇಳಿಬರುತ್ತಿದ್ದ ಆ ಕೂಗು. ಅದು ಯಾವಾಗ ನಿಂತಿತು ಎಂಬುದೂ ನೆನಪಾಯಿತು.

“ಆಮೇಲೆ ತಮ್ಮ ಹುಟ್ಟಿದ” ಎಂದಳು ಮಗಳು. “ನೀನು ಮತ್ತೆ ಕೆಲಸಕ್ಕೆ ಹೋಗಿ ಬಂದೆ. ಅದೇ ಸ್ವೆಟರ್ರು, ಅದೇ ಜಾಗ. ಆದರೆ ಅದರಲ್ಲಿ ನೀನಿರಲಿಲ್ಲ. ಬೇರೆ ಯಾರೋ ಇದ್ದರು. ಮಗು ಬಂದಿದ್ದಕ್ಕೆ ನೀನು ಬದಲಾಗಿಬಿಟ್ಟೆ, ನನ್ನನ್ನ ಬಿಟ್ಟುಬಿಟ್ಟೆ ಅಂದುಕೊಂಡೆ. ದಿನಾ ನೋಡ್ತಿದ್ದೆ ಅಮ್ಮಾ, ಇವತ್ತಾದರೂ ವಾಪಸ್ ಬಂದಿರ್ತೀಯ ಅಂತ.”

ತಕ್ಕಡಿ ಅಕ್ಕ ಆ ಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ಒಂದು ಹೊಲ ರಸ್ತೆಗೆ ಹೋಗಿತ್ತು. ಒಂದು ಪಾಚಿಯನ್ನು ಯಾರೋ ಬೇಡವೆಂದಿದ್ದರು. ಇಷ್ಟಕ್ಕೆ ಮನೆಯೊಳಗೆ ಒಂದು ಮಗು ತಾಯಿಯನ್ನು ಕಳೆದುಕೊಂಡಿತ್ತು! ಅಷ್ಟು ಸೋಪು ಹಾಕಿ ತೊಳೆದದ್ದೂ ಸುಳ್ಳು, ಗೇಟು ದಾಟಿ ಹನಿಯೂ ತಂದಿಲ್ಲವೆಂಬ ಜಂಬವೂ ಸುಳ್ಳು. ಬಿಳಿ ಸಂಜೆಯನ್ನು ಅವಳು ದಿನಾ ಉಣ್ಣೆಯ ಎಳೆಎಳೆಯಲ್ಲಿ ಹೊತ್ತು ತಂದಿದ್ದಳು. ಭಯಭಕ್ತಿಯಿಂದ ತೂಗಿದ ಆ ಸುಗಂಧಕ್ಕೆ ಇಷ್ಟೊಂದು ಬಲವಿದೆಯೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

“ಹೂ ಬದಲಾಯಿತು ಕಣೆ” ಎಂದಳು ಕೊನೆಗೆ. “ನಾನು ರಜೆಯಲ್ಲಿದ್ದಾಗ ಸೀಸೆಯೊಳಗಿನ ಹೂ ಬದಲಾಯಿತು. ನಾನಲ್ಲ. ನಾನು ಇಲ್ಲೇ ಇದ್ದೆ.”

ಗಡಿಯಾರದವನು ಭೂತಗನ್ನಡಿ ತೆಗೆದು ಇಬ್ಬರನ್ನೂ ನೋಡಿದ. ಕೈಲಿದ್ದ ಗಡಿಯಾರವನ್ನು ಮೇಜಿನ ಮೇಲಿಟ್ಟ.

ಮರುದಿನ ತಕ್ಕಡಿ ಅಕ್ಕ ಮಗಳನ್ನು ಕರೆದುಕೊಂಡೇ ಕಾರ್ಖಾನೆಗೆ ಹೋದಳು. ಚಿಕ್ಕ ಮೂಗು ಮೇಡಂ ಮುಂದೆ ನಿಂತು, “ನನ್ನಿಂದ ಆಗಲ್ಲ ಮೇಡಂ, ನನಗೆ ಇದರ ವಾಸನೆ ತಿಳಿಯೋದೇ ಇಲ್ಲ. ನನಗಿಂತ ಇವಳಿಗೆ ಗೊತ್ತು” ಎಂದಳು. ಹೇಳುವವರೆಗೆ ಬೆಟ್ಟದಂತಿದ್ದ ಮಾತು, ಹೇಳಿದ ಮೇಲೆ ಹಗುರವಾಯಿತು. ಮೇಡಂ ಬೈಯಲಿಲ್ಲ. ಗುರುತಿಲ್ಲದ ಹೊಸ ಪಟ್ಟಿಗಳನ್ನು ಅದ್ದಿ, ಹಿಂದೆಮುಂದೆ ಮಾಡಿ ಮಗಳ ಕೈಗೆ ಕೊಟ್ಟಳು. ಮಗಳು ಮತ್ತೆ ಅದನ್ನೇ ಆರಿಸಿದಳು. ಮೇಡಂ ಕಣ್ಣರಳಿಸಿದಳು.

“ಇದನ್ನ ಎಸೆಯೋಣ ಅಂತಿದ್ದೆ” ಎಂದಳು. “ಬರೆದಿದ್ದಾರಲ್ಲ ಅಂತ ಆ ಹೊಲಸು ನಾರೋದನ್ನ ಇದರಲ್ಲಿ ಅಷ್ಟೂ ಹಾಕಿದೀನಿ. ಉಳಿದ ಎರಡರಲ್ಲಿ ಹೆದರಿ ಕಡಿಮೆ ಮಾಡಿದ್ದೆ.”

ಆಮೇಲೆ ಮೇಡಂ ಕಟ್ಟಳೆ ಮೀರಿದ ಕೆಲಸವೊಂದನ್ನು ಮಾಡಿದಳು. ತೂಕದ ಕೋಣೆಯಲ್ಲೇ, ಆ ತಕ್ಕಡಿಯ ಎದುರಿಗೇ, ಸೀಸೆಯ ಮುಚ್ಚಳ ತೆಗೆದು ತಕ್ಕಡಿ ಅಕ್ಕನ ಕೈ ಹಿಡಿದು ಮಣಿಕಟ್ಟಿಗೆ ಒಂದು ಹನಿ ಮುಟ್ಟಿಸಿದಳು. ತಕ್ಕಡಿ ಅಕ್ಕ ಕೈಯನ್ನು ಮೂಗಿಗೆ ತಂದುಕೊಂಡಳು. ಏನೂ ಇಲ್ಲ. ತಣ್ಣನೆಯ ಒಂದು ಚುಕ್ಕೆ ಚರ್ಮದ ಮೇಲೆ ಆರುತ್ತಿತ್ತು, ಅಷ್ಟೇ.

“ಹೇಗಿದೆಯೇ?” ಎಂದು ಕೈಯನ್ನು ಮಗಳ ಕಡೆಗೆ ಚಾಚಿದಳು.

ಮಗಳು ಎರಡೂ ಕೈಯಲ್ಲಿ ಆ ಕೈಯನ್ನು ಹಿಡಿದು, ಕಣ್ಣು ಮುಚ್ಚಿ, ಅದರ ಮೇಲೆ ಮುಖವಿಟ್ಟಳು. ಬಹಳ ಹೊತ್ತು ಮೇಲೆತ್ತಲಿಲ್ಲ. ಮಣಿಕಟ್ಟು ಒದ್ದೆಯಾಗುವುದು ತಕ್ಕಡಿ ಅಕ್ಕನಿಗೆ ಗೊತ್ತಾಗುತ್ತಿತ್ತು.

“ಬಂದ್ಯಾ ಅಮ್ಮಾ?” ಎಂದಳು ಮಗಳು.

“ಬಂದೆ ಕಣೆ” ಎಂದಳು ತಕ್ಕಡಿ ಅಕ್ಕ.