ಕೊನೆಯ ಫಾರ್ಮಿನ ಹಸು

ಖಾನಾಪುರದಲ್ಲಿ ನಾನು ಕಲಿತ ಶಾಲೆ ಮರಾಠಿಯದು. ಲೆಕ್ಕ, ಭೂಗೋಳ, ಮಾಸ್ತರರ ಬೈಗುಳ ಎಲ್ಲವೂ ಅದೇ ಭಾಷೆಯಲ್ಲಿ. ಕನ್ನಡದ ಅಕ್ಷರಗಳನ್ನು ಕಲಿಸಿದವನು ಮನೆಯಲ್ಲಿದ್ದ ಅಜ್ಜ. ಅದೂ ನನ್ನ ಉದ್ಧಾರಕ್ಕೆಂದಲ್ಲ. ಅವನ ಕಣ್ಣು ಮಂಜಾಗಿತ್ತು. ಚಾತುರ್ಮಾಸದಲ್ಲಿ ನಮ್ಮ ಪಡಸಾಲೆಯಲ್ಲಿ ಪುರಾಣ ಓದಲು ಇನ್ನೊಬ್ಬರು ಬೇಕಾಗಿದ್ದರು. ಹೀಗಾಗಿ ಮೀಸೆ ಚಿಗುರುವ ಮೊದಲೇ ನಾನು ಓಣಿಯ ಜೈನ ಹೆಂಗಸರ ಪುರಾಣಿಕನಾದೆ. ಸಾಹಿತ್ಯದ ಬಗ್ಗೆ ಯಾರಾದರೂ ದೊಡ್ಡ ಮಾತು ತೆಗೆದರೆ ನನಗೆ ಆ ಪಡಸಾಲೆಯೇ ನೆನಪಾಗುತ್ತದೆ. ಯಾವ ಮಾತಿಗೆ ಆಕಳಿಸುತ್ತಾರೆ, ಯಾವ ಮಾತಿಗೆ ಬತ್ತಿ ಹೊಸೆಯುವ ಕೈ ನಿಲ್ಲುತ್ತದೆ ಎಂಬುದನ್ನು ಅಲ್ಲಿ ನೋಡಿ ತಿಳಿದುಕೊಂಡೆ. ಈ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ವಿದ್ಯೆ ಇದೆಯೆಂದು ನಾನು ಇನ್ನೂ ನಂಬಿಲ್ಲ.

ಆ ಓದಿಗೆ ಎರಡು ಕಟ್ಟುಪಾಡುಗಳಿದ್ದವು. ಹೊತ್ತು ಮುಳುಗುವ ಮೊದಲೇ ಓದು ಮುಗಿಯಬೇಕು, ಯಾಕೆಂದರೆ ಎಲ್ಲರೂ ಮನೆಗೆ ಹೋಗಿ ಊಟ ಮುಗಿಸಬೇಕು. ಕತ್ತಲಾದ ಮೇಲೆ ನಮ್ಮವರು ಉಣ್ಣುವುದಿಲ್ಲ. ಇನ್ನೊಂದು, ಸಾವಿನ ಪ್ರಸಂಗದಲ್ಲಿ ಪುಸ್ತಕ ಮುಚ್ಚಬಾರದು. ರಾಜ ಸತ್ತರೆ ಮಗನಿಗೆ ಪಟ್ಟವಾಗುವವರೆಗೆ ಓದಬೇಕು. ರಾಣಿ ಸತ್ತರೆ ಅವಳು ಸ್ವರ್ಗದಲ್ಲಿ ಹುಟ್ಟುವವರೆಗೆ ಯಾರೂ ಏಳುವಂತಿಲ್ಲ. ಸಾವಿನ ಮೇಲೆ ಮುಚ್ಚಿದ ಪುಸ್ತಕ ಓದಿದ ಮನೆಗೂ ಕೇಳಿದ ಮನೆಗೂ ಒಳ್ಳೆಯದಲ್ಲ ಎಂದು ಅವರ ನಂಬಿಕೆ.

ಈ ಎರಡನ್ನೂ ಕಾಯುತ್ತಿದ್ದವಳು ನನ್ನ ಅತ್ತೆ, ಅಪ್ಪನ ಅಕ್ಕ. ಎಳೆಯ ವಯಸ್ಸಿನಲ್ಲಿ ಗಂಡ ತೀರಿಕೊಂಡು, ನಾನು ಹುಟ್ಟುವ ಮೊದಲೇ ತವರಿಗೆ ಬಂದು ನಿಂತವಳು. ನಮ್ಮ ಮನೆಯ ಎಮ್ಮೆಗಳು ಅವಳ ವಶ. ಅಕ್ಷರ ಬಾರದು. ಆದರೆ ಅವಸರದಲ್ಲಿ ನಾನು ಒಂದು ಹಾಳೆ ಹಾರಿಸಿದರೆ ಕಂಬಕ್ಕೆ ಒರಗಿದಲ್ಲಿಂದಲೇ "ಹಿಂದ ಹೋಗು" ಅನ್ನುತ್ತಿದ್ದಳು. ಅವಳು ಹೆಚ್ಚು ಮಾತಿನವಳಲ್ಲ. ಅವಳ ಬದುಕಿನ ಬಗ್ಗೆ ನಾನು ಏನೂ ಕೇಳಿರಲಿಲ್ಲ. ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ಶಾಲೆ ಮುಗಿದ ಮೇಲೆ ಅಪ್ಪ ನನ್ನನ್ನು ಸ್ಟೇಶನ್ ಹತ್ತಿರದ ನಮ್ಮ ಕಟ್ಟಿಗೆ ವಖಾರಿಯಲ್ಲಿ ಕೂರಿಸಿದ. ಗಿರಾಕಿಗಳು ಬಾರದ ಹೊತ್ತಿನಲ್ಲಿ ಮರಾಠಿ ಕಾದಂಬರಿಗಳನ್ನು ಓದಿದೆ. ಓದಿ ಓದಿ, ಇಂಥದು ಕನ್ನಡದಲ್ಲಿ ನನ್ನಿಂದಲೂ ಆದೀತು ಎಂಬ ಸೊಕ್ಕು ಬಂತು. ಧಾರವಾಡದ ಮಾಸಪತ್ರಿಕೆಯೊಂದಕ್ಕೆ ಕಥೆ ಕಳಿಸಿದೆ. ಬಂದ ಹಾದಿಯಲ್ಲೇ ಹಿಂದಕ್ಕೆ ಬಂತು. ಮತ್ತೆ ಕಳಿಸಿದೆ, ಮತ್ತೆ ಬಂತು. ಕೊನೆಗೆ ಅವರಿಗೂ ಸಾಕಾಗಿರಬೇಕು, ಒಂದನ್ನು ಅಚ್ಚು ಹಾಕಿದರು. ಅಪ್ಪ ಅದನ್ನು ಹಿಂದೆ ಮುಂದೆ ತಿರುವಿ, "ಇದರಾಗ ವಖಾರಿ ಹೆಸರ ಎಲ್ಲೈತಿ?" ಎಂದು ಕೇಳಿದ. ಇಲ್ಲ ಎಂದೆ. "ಹಂಗಾರ ಯಾರಿಗೆ ಉಪಯೋಗ?" ಎಂದು ಪತ್ರಿಕೆಯನ್ನು ನನ್ನ ಕೈಗೇ ಕೊಟ್ಟ.

ಆ ಒಂದು ಕಥೆಯ ಬಲದ ಮೇಲೆ ಬೆಳಗಾವಿಯ ಖಡೇ ಬಜಾರಿನ ಹಿಂದಿನ ಗಲ್ಲಿಯಲ್ಲಿದ್ದ ಒಂದು ಛಾಪಖಾನೆಗೆ, ಅರ್ಧ ಬರೆದ ಕಾದಂಬರಿ ಹಿಡಿದು ಹೋದೆ. ಮಾಲೀಕರು ಲಗ್ನಪತ್ರಿಕೆ, ಪಂಚಾಂಗ, ಮರಾಠಿ ಹಾಡಿನ ಪುಸ್ತಕ ಅಚ್ಚು ಹಾಕುತ್ತಿದ್ದರು. ನಡುವೆ ಬಿಡುವಾದಾಗ ತಾವೇ ಕೈಯಿಂದ ದುಡ್ಡು ಹಾಕಿ ಕನ್ನಡ ಕಾದಂಬರಿಗಳನ್ನೂ ತರುತ್ತಿದ್ದರು. ನನ್ನ ಹಸ್ತಪ್ರತಿಯ ಮೊದಲ ಹಾಳೆಗಳನ್ನು ನಿಂತಲ್ಲೇ ಓದಿ ಒಂದೇ ಪ್ರಶ್ನೆ ಕೇಳಿದರು.

"ನಾಯಿಕಿ ವಿಧವಿ ಅದಾಳಲ್ಲ, ಕೊನೀಗೆ ಏನಾಗತಾಳ್ರಿ?"

ಇನ್ನೂ ಬರೆದಿಲ್ಲ ಎಂದೆ.

"ಹೊಳಿ, ಇಲ್ಲಾ ಬಾಂವಿ. ಬ್ಯಾರೆ ಹಾದಿ ಇಲ್ಲ. ಓದಾವ್ರು ಅಳಬೇಕು ನೋಡ್ರಿ, ಅತ್ತು ಹಗರ ಆಗಬೇಕು. ಅಕಿ ಬದುಕಿ ಉಳದ್ಲಂದ್ರ ಪುಸ್ತಕ ಮುಚ್ಚಿದ ಮ್ಯಾಲೂ ಅಕೀ ಚಿಂತಿ ಅವರಿಗೆ. ಯಾರಿಗೆ ಬೇಕು ಆ ತ್ರಾಸ?"

ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ನಾನು ಓದಿದ ಕಾದಂಬರಿಗಳ ವಿಧವೆಯರೆಲ್ಲ ಹೊಳೆಗೋ ಬಾವಿಗೋ ಬಿದ್ದೇ ಹೋಗಿದ್ದರು. ವಖಾರಿಯಲ್ಲಿ ಕೂತು ಉತ್ಸಾಹದಿಂದ ಅವಳನ್ನು ಮುಳುಗಿಸಿದೆ. ಮುಳುಗಡೆಗೆ ನಾಲ್ಕು ಪುಟ ಹಿಡಿಯಿತು. ಬೆಳದಿಂಗಳು ಹಾಕಿದೆ, ದೂರದಿಂದ ಬಸದಿಯ ಗಂಟೆಯನ್ನು ಕೇಳಿಸಿದೆ. ಕಥೆಯ ಹೆಂಗಸು ಅಣ್ಣನ ಮನೆಯಲ್ಲಿ ದನ ನೋಡಿಕೊಂಡು ಇರುವವಳು. ನನಗೆ ಚೆನ್ನಾಗಿ ಗೊತ್ತಿದ್ದ ವಿಧವೆ ಒಬ್ಬಳೇ. ಹಾಗಾಗಿ ಅವಳ ನಡಿಗೆ, ಅವಳು ಸೆರಗು ಸಿಕ್ಕಿಸುವ ರೀತಿ, ಕಂಬಕ್ಕೆ ಒರಗುವ ರೀತಿ ಎಲ್ಲ ತಾನಾಗಿ ಬಂದು ಸೇರಿಕೊಂಡವು. ಎಮ್ಮೆಯನ್ನು ಮಾತ್ರ ಹಸು ಮಾಡಿದೆ. ಕಾದಂಬರಿಯಲ್ಲಿ ಎಮ್ಮೆ ಶೋಭಿಸುವುದಿಲ್ಲ ಎಂದು ಆ ವಯಸ್ಸಿನಲ್ಲಿ ನನಗೆ ಖಾತ್ರಿಯಿತ್ತು.

ಛಾಪಖಾನೆಯಲ್ಲಿ ಕನ್ನಡದ ಅಚ್ಚುಮೊಳೆಗಳು ಕಡಿಮೆ. ಹದಿನಾರು ಪುಟಕ್ಕೆ ಒಂದು ಫಾರ್ಮು. ಒಂದು ಫಾರ್ಮಿನ ಮೊಳೆ ಜೋಡಿಸಿ, ಅಚ್ಚು ಹಾಕಿ, ಬಿಚ್ಚಿ, ಅವೇ ಮೊಳೆಗಳಿಂದ ಮುಂದಿನ ಫಾರ್ಮು ಕಟ್ಟಬೇಕು. ಅಚ್ಚಾದ ಹಾಳೆಗಳನ್ನು ಮೂಲೆಯಲ್ಲಿ ಒಟ್ಟಿ ಇಡುತ್ತಿದ್ದರು. ಅಂದರೆ ಕಥೆಯ ಮೊದಲ ಭಾಗ ಅಚ್ಚಾಗಿ ಕೂತಿರುತ್ತದೆ, ಕೊನೆಯ ಭಾಗ ಇನ್ನೂ ಲೇಖಕನ ಕೈಯಲ್ಲೇ ಇರುತ್ತದೆ. ಹಿಂದಿನದನ್ನು ತಿದ್ದುವ ಮಾತೇ ಇಲ್ಲ. ನಾನು ರೈಲಿನಲ್ಲಿ ಹೋಗಿ ಕರಡಚ್ಚು ತರುತ್ತಿದ್ದೆ, ಮನೆಯಲ್ಲಿ ತಿದ್ದಿ ಮತ್ತೆ ಒಯ್ಯುತ್ತಿದ್ದೆ. ರೈಲಿನ ಡಬ್ಬಿಯಲ್ಲಿ ಬೆಳಗಾವಿ ಹತ್ತಿರದ ಹಿಂಡಲಗಾ ಜೈಲಿನಲ್ಲಿದ್ದ ಮಗನನ್ನೋ ಅಳಿಯನನ್ನೋ ನೋಡಲು ಬುತ್ತಿ ಕಟ್ಟಿಕೊಂಡು ಹೊರಟವರು ಇರುತ್ತಿದ್ದರು. ನನ್ನ ಕೈಯ ಹಾಳೆಗಳನ್ನು ನೋಡಿ ಒಬ್ಬ ಮುದುಕರು, ಯಾವ ಕೋರ್ಟಿನ ಕಾಗದ ಎಂದು ಮರುಕದಿಂದ ಕೇಳಿದ್ದರು. ಕಾದಂಬರಿ ಎಂದಾಗ ಅವರ ಮರುಕ ಕಡಿಮೆಯಾಗಲಿಲ್ಲ.

ಆ ವರ್ಷ ಚಾತುರ್ಮಾಸದಲ್ಲಿ ಹಿಡಿದ ಪುರಾಣ ಬೇಗ ಮುಗಿಯಿತು. ಹೊಸದನ್ನು ಹಿಡಿಯಲು ದಿನ ಉಳಿದಿರಲಿಲ್ಲ. ಅತ್ತೆ, "ನೀ ಬೆಳಗಾವ್ಯಾಗ ಛಾಪಸಾಕತ್ತೀಯಲ್ಲ, ಅದನ್ನ ಓದು" ಎಂದಳು. ಅದು ಪುರಾಣವಲ್ಲ, ಒಬ್ಬ ಹೆಂಗಸಿನ ಕಥೆ, ಹೆಂಗಸರು ಕೇಳುವಂಥದ್ದಲ್ಲ ಎಂದು ತಪ್ಪಿಸಿಕೊಳ್ಳಲು ನೋಡಿದೆ.

"ಹೆಂಗಸಿನ ಕಥಿ ಅಂದಿ. ಹೆಂಗಸರು ಕೇಳಬಾರದಂದ್ರ ಮತ್ತ ಗಂಡಸರಿಗೆ ಏನ ಮಾಡ್ತಿ ಅದನ್ನ?"

ಅಚ್ಚಾದ ಫಾರ್ಮುಗಳ ಒಂದೊಂದು ಪ್ರತಿ ನನ್ನಲ್ಲಿತ್ತು. ಓದತೊಡಗಿದೆ. ಮೊದಲ ದಿನವೇ ಓಣಿಗೆ ಇದು ಯಾರ ಕಥೆ ಎಂದು ಗೊತ್ತಾಯಿತು. ಸೆರಗು ಸಿಕ್ಕಿಸುವ ಜಾಗಕ್ಕೆ ಬಂದಾಗ ಎಲ್ಲರೂ ಅತ್ತೆಯ ಕಡೆ ನೋಡಿ, ನೋಡಿಲ್ಲ ಎಂಬಂತೆ ತಲೆ ತಗ್ಗಿಸಿದರು. ಅತ್ತೆ ಮಾತ್ರ ಪುರಾಣಕ್ಕೆ ಕೂರುತ್ತಿದ್ದಂತೆಯೇ ಕೂತು ಕೇಳಿದಳು.

ಕೊನೆಯ ಫಾರ್ಮಿನ ಕರಡಚ್ಚು ಓದಿದ ದಿನ ನನಗೆ ಹೊತ್ತಿನ ಅಂದಾಜು ತಪ್ಪಿತು. ಹೆಂಗಸು ಬಿಂದಿಗೆ ತೆಗೆದುಕೊಂಡು ಹೊಳೆಗೆ ಹೋದಳು, ಬೆಳದಿಂಗಳು ಬಂತು, ಗಂಟೆ ಕೇಳಿಸಿತು, ನೀರು ಅವಳ ತಲೆಯ ಮೇಲೆ ಕೂಡಿಕೊಂಡಿತು. ನಾನು ಹಾಳೆ ಮಡಚಿದೆ. ಯಾರೂ ಏಳಲಿಲ್ಲ.

"ಮುಂದ ಓದು" ಎಂದಳು ಅತ್ತೆ.

"ಮುಂದ ಇಲ್ಲತ್ತಿ. ಮುಗೀತು."

"ಹ್ಯಾಂಗ ಮುಗೀತೋ? ಅಕಿ ಈಗರ ಸತ್ಲು."

ನಾನು ತಮಾಷೆ ಎಂದುಕೊಂಡೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಬಾಗಿಲಲ್ಲಿ ಬಿಸಿಲು ಹೊಸ್ತಿಲಿನವರೆಗೆ ಜಾರಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕತ್ತಲಾಗುತ್ತದೆ. ಕತ್ತಲಾದರೆ ಅವರೆಲ್ಲರೂ ಮರುದಿನ ಬೆಳಗಿನವರೆಗೆ ಉಪವಾಸ. ಆದರೂ ಒಬ್ಬರೂ ಮಿಸುಕಲಿಲ್ಲ. ನನ್ನ ಪುಣ್ಯಕ್ಕೆ ಒಂದು ಉಪಾಯ ಹೊಳೆಯಿತು. ಅವಳು ಸ್ವರ್ಗದಲ್ಲಿ ದೇವಿಯಾಗಿ ಹುಟ್ಟಿದಳು ಎಂದೆ.

ಎದುರುಮನೆಯ ಅಜ್ಜಿ ಬತ್ತಿಯ ಬುಟ್ಟಿ ಕೆಳಗಿಟ್ಟಳು. "ತಾನಾಗಿ ಹೊಳೀಗೆ ಬಿದ್ದಾಕಿಗೆ ಎಲ್ಲೀ ಸ್ವರ್ಗ? ಇಷ್ಟ ವರ್ಷ ಪುರಾಣ ಓದಿ ಇದನ್ನ ಕಲತೀಯೇನಪಾ?"

ಅಜ್ಜಿಯ ಮಾತು ಸರಿ. ನಮ್ಮ ಧರ್ಮದಲ್ಲಿ ಅದಕ್ಕೆ ಸಿಗುವುದು ನರಕ. ಸ್ವರ್ಗದ ಬಾಗಿಲು ಮುಚ್ಚಿತು, ನರಕಕ್ಕೆ ಕಳಿಸಿದರೆ ಯಾರೂ ಏಳುವುದಿಲ್ಲ. ಉಳಿದದ್ದು ಒಂದೇ ದಾರಿ. ಹಾಳೆಯನ್ನು ಸುಮ್ಮನೆ ಕಣ್ಣ ಮುಂದೆ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿದೆ. ಅವಳು ನೀರಿಗೆ ಇಳಿದದ್ದು ನಿಜ, ಮುಳುಗಲಿಲ್ಲ. ತಿರುಗಿ ಮನೆಗೆ ಬಂದಳು.

"ಬಂದು?" ಎಂದರು ಯಾರೋ.

ಬಂದು ಏನು ಮಾಡಿದಳೆಂದು ನನಗೇನು ಗೊತ್ತು? ಅಷ್ಟರಲ್ಲಿ ಹಿತ್ತಲಲ್ಲಿ ನಮ್ಮ ಎಮ್ಮೆ ಒದರಿತು. ಹಿಂಡುವ ಹೊತ್ತು ಮೀರಿತ್ತು. "ಬಂದು ಹಸುವಿನ ಹಾಲು ಹಿಂಡಿದಳು" ಎಂದೆ.

"ಹಾಂ, ಏಳ್ರಿ ಇನ್ನ" ಎಂದಳು ಅಜ್ಜಿ. ಪಡಸಾಲೆ ಖಾಲಿಯಾಯಿತು.

ಅತ್ತೆ ಹಾಲಿನ ಚರಿಗೆ ತೆಗೆದುಕೊಂಡು ಹಿತ್ತಲಿಗೆ ಹೊರಟಳು. ಕ್ಷಮೆ ಕೇಳಬೇಕೋ ಸುಮ್ಮನಿರಬೇಕೋ ತಿಳಿಯದೆ ನಾನು ಹಿಂದೆಯೇ ಹೋದೆ. ಅವಳು ಎಮ್ಮೆಯ ಕೆಚ್ಚಲಿಗೆ ನೀರು ಚಿಮುಕಿಸುತ್ತ, ನನ್ನ ಕಡೆ ನೋಡದೆ, "ಕಡೇಕ ಬರೋಬರಿ ಹೇಳಿದಿ" ಎಂದಳು.

"ಯಾವುದತ್ತಿ?"

"ಅಕಿ ಹೊಳ್ಳಿ ಬಂದದ್ದು. ನಾನೂ ಹಂಗ ಬಂದೆ."

ಚರಿಗೆಯನ್ನು ಎಮ್ಮೆಯ ಕೆಳಗೆ ಸರಿಸಿದಳು.

"ನೀ ಹುಟ್ಟಿದ್ದಿಲ್ಲ ಆವಾಗ. ನಮ್ಮ ಮನಿಯವರು ತೀರಿದ ವರ್ಷ. ಮೊಣಕಾಲ ಮಟಾ ನೀರಾಗ ನಿಂತಿದ್ದೆ. ಎಮ್ಮಿ ನೆನಪಾತು. ಇದರ ಅಜ್ಜಿ ಅದು. ನನ್ನ ಬಿಟ್ಟು ಮಂದೀ ಕೈಗೆ ಹಾಲ ಕೊಡತಿದ್ದಿಲ್ಲ, ಕೆಚ್ಚಲ ಬಿಗದು ಒದ್ದಾಡತಿತ್ತು. ಹೊಳ್ಳಿ ಬಂದೆ."

"ಆಮ್ಯಾಲ?"

"ಆಮ್ಯಾಲೇನು? ಹಿಂಡಿದೆ." ಚರಿಗೆಯಲ್ಲಿ ಹಾಲಿನ ಮೊದಲ ಸದ್ದು ಬಂತು. "ಆಕಳ ಅಲ್ಲೋ ತಮ್ಮಾ, ಎಮ್ಮಿ. ಆಕಳಾದ್ರ ಯಾರ ಕೈಗಾದ್ರೂ ಕೊಡತೈತಿ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಮುಳುಗಿಸಿದ ಆ ನಾಲ್ಕು ಪುಟಗಳು ಬೆಳಗಾವಿಯಲ್ಲಿ ಜೋಡಿಸಿ ಸಿದ್ಧವಾಗಿದ್ದವು. ಅವು ಅಚ್ಚಾದರೆ, ಓಣಿ ಏನೇ ಕೇಳಿರಲಿ, ಪುಸ್ತಕದಲ್ಲಿ ಅತ್ತೆ ಸತ್ತೇ ಇರುತ್ತಾಳೆ. ಆ ಪುಸ್ತಕ ಅದೇ ಮನೆಯಲ್ಲಿ ಅವಳ ಕಣ್ಣೆದುರೇ ಇರಬೇಕು.

ಮರುದಿನ ಮೊದಲ ಗಾಡಿಗೆ ಹೋದೆ. ಮಾಲೀಕರು ಕೇಳಿ ನಕ್ಕರು, ಆಮೇಲೆ ಸಿಟ್ಟಿಗೆದ್ದರು.

"ಹಾಲ ಹಿಂಡೂದೇನು ಕಾದಂಬರಿ ಕೊನೀ ಆತೇನ್ರಿ? ಇಷ್ಟ ಛಲೋ ಮುಳಗಸೀರಿ, ಯಾಕ ಹೊರಗ ತಗೀತೀರಿ?"

"ಮುಳುಗಲಿಲ್ಲ ಅಕಿ" ಎಂದೆ.

"ನಿಮಗ್ಯಾರ ಹೇಳಿದ್ರು?"

ಅವಳು ಮುಳುಗಿದರೆ ಕೊನೆಯ ಫಾರ್ಮಿನ ಅಚ್ಚಿಗೆ ನನ್ನ ಒಪ್ಪಿಗೆಯಿಲ್ಲ, ಉಳಿದದ್ದನ್ನು ಹಾಗೇ ಮಾರಿಕೊಳ್ಳಿ ಎಂದೆ. ಬದುಕಿನಲ್ಲಿ ಮೊದಲ ಸಲ ನನಗಿಂತ ಹಿರಿಯರ ಮುಂದೆ ದನಿ ಎತ್ತಿದ್ದೆ. ಅವರು ಮೂಲೆಯಲ್ಲಿ ಒಟ್ಟಿದ್ದ ಫಾರ್ಮುಗಳನ್ನು ನೋಡಿದರು. ಬಾಲವಿಲ್ಲದೆ ಅವು ರದ್ದಿ. ಪಂಚಾಂಗದ ಕೆಲಸ ಬೇರೆ ಬಂದು ಕೂತಿತ್ತು, ಅದಕ್ಕೆ ಮೊಳೆಗಳು ಬೇಕಿದ್ದವು. ಇನ್ನೊಂದು ದಿನವೂ ಫಾರ್ಮನ್ನು ಕಟ್ಟಿ ಇಡುವಂತಿರಲಿಲ್ಲ.

"ಇಲ್ಲೇ ಕುಂದರ್ರಿ. ಈಗ ಬರದು ಕೊಡ್ರಿ. ನಾಕ ಪುಟದಾಗ ಕುಂದರಬೇಕು, ಒಂದ ಸಾಲ ಹೆಚ್ಚಾಗಬಾರದು."

ಕಾಗದದ ಕಟ್ಟಿನ ಮೇಲೆ ಕೂತು, ಯಂತ್ರದ ಸದ್ದಿನಲ್ಲಿ ಬರೆದೆ. ಬೆಳದಿಂಗಳು ಹೋಯಿತು, ಗಂಟೆ ಹೋಯಿತು. ಮೊಣಕಾಲವರೆಗಿನ ನೀರು, ಹಿಂದಿರುಗಿದ ದಾರಿ, ಕೊಟ್ಟಿಗೆ. ಒಂದು ಪುಟ ದಾಟಿತಷ್ಟೇ. ಎಮ್ಮೆ ಎಂದು ಬರೆಯಲು ಕೈ ಹೋಯಿತು. ಆದರೆ ಅಚ್ಚಾಗಿ ಕೂತ ಫಾರ್ಮುಗಳಲ್ಲೆಲ್ಲ ಹಸುವೇ ಇತ್ತು. ಸಂಜೆಯೊಳಗೆ ಹಸು ಎಮ್ಮೆಯಾಗುವುದು ಪುರಾಣದಲ್ಲಿ ನಡೆದೀತು, ಕಾದಂಬರಿಯಲ್ಲಿ ನಡೆಯದು. ಹಸುವನ್ನೇ ಉಳಿಸಿದೆ. ಖಾಲಿ ಉಳಿದ ಪುಟಗಳಿಗೆ ಮಾಲೀಕರು ತಲೆಗೂದಲಿನ ಎಣ್ಣೆಯ ಜಾಹೀರಾತು ಹಾಕಿದರು.

ಪುಸ್ತಕ ಹೊರಬಂತು. ಅವರ ಅಂದಾಜು ಸುಳ್ಳಾಗಲಿಲ್ಲ. ಓದಿದವರು ಕೊನೆ ಸಪ್ಪೆಯಾಯಿತು ಎಂದರು. ಒಬ್ಬ ಮಾಸ್ತರರು, ಮುಂದಿನ ಭಾಗ ಯಾವಾಗ ಎಂದು ಪ್ರಾಮಾಣಿಕವಾಗಿಯೇ ಕೇಳಿದರು. ಪ್ರತಿಗಳು ಬಹಳ ಕಾಲ ಕಟ್ಟಿನಲ್ಲೇ ಇದ್ದವು. ನಾನು ಆಮೇಲೆ ಬರೆದ ಪುಸ್ತಕಗಳು ಇದಕ್ಕಿಂತ ಚೆನ್ನಾಗಿ ಹೋದವು. ಅವುಗಳಲ್ಲಿ ಯಾವುದರ ಕೊನೆಯೂ ಈಗ ನನಗೆ ಬಾಯಿಗೆ ಬರುವುದಿಲ್ಲ.

ಮೊದಲ ಪ್ರತಿಯನ್ನು ಅತ್ತೆಯ ಮುಂದಿಟ್ಟಾಗ ಅವಳು ಅದನ್ನು ಮೂಸಿ ನೋಡಿದಳು. ಆಮೇಲೆ ಕಂಬಕ್ಕೆ ಒರಗಿ, "ಕೊನೀದಷ್ಟ ಓದು" ಎಂದಳು. ಓದಿದೆ. ಹಸು ಎಂದು ಅಚ್ಚಾದ ಕಡೆಯಲ್ಲೆಲ್ಲ ಎಮ್ಮಿ ಎಂದೇ ಓದಿದೆ. ಚರಿಗೆಯಲ್ಲಿ ಹಾಲಿನ ಸದ್ದು ಬರುವಲ್ಲಿಗೆ ನಿಲ್ಲಿಸಿದೆ. ಹೊರಗೆ ಇನ್ನೂ ಬಿಸಿಲಿತ್ತು.

"ಈಗ ಮುಚ್ಚು" ಎಂದಳು.