ಜಟ್ಟೆಪ್ಪನ ಇಳಿಯುವ ಧುನ್

ಚಿತ್ತಾಪುರದ ಜಟ್ಟೆಪ್ಪ ತನ್ನ ಕಾರ್ನೆಟ್ ತುತ್ತೂರಿ ಊದಿದರೆ, ವಾಡಿ ಜಂಕ್ಷನ್ನಿನಲ್ಲಿ ನಿಂತ ಗಾಡಿಯ ಡ್ರೈವರು ಗಾರ್ಡ್ ಸೀಟಿ ಹೊಡೆದನೆಂದು ಗಾಡಿ ಬಿಟ್ಟುಬಿಡುತ್ತಿದ್ದನಂತೆ. ಇದನ್ನು ನಂಬದವರು ಆ ಕಾಲದಲ್ಲೂ ಇದ್ದರು. ಆದರೆ ಅವರಲ್ಲಿ ಒಬ್ಬರೂ ಜಟ್ಟೆಪ್ಪನ ಎದುರಿಗೆ ಹತ್ತು ಮಾರು ದೂರದಲ್ಲಿ ನಿಂತು ಕೇಳಿದವರಲ್ಲ. ಹಾಗೆ ಕೇಳಿದವರು ಏನು ಹೇಳಿದರೂ ಹೂಂ ಅನ್ನುತ್ತಿದ್ದರು. ಮೂರು ದಿನ ಅವರ ಕಿವಿಗೆ ಬೇರೆ ಏನೂ ಬೀಳುತ್ತಿರಲಿಲ್ಲ.

ಅವನು ಹುಟ್ಟಿದ್ದು ರಾವೂರಿನಲ್ಲಿ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಗಣಿಯ ದಂಡೆಗೆ. ಇಪ್ಪತ್ತು ತುಂಬುವ ತನಕ ಕಲ್ಲು ಎಬ್ಬಿಸಿದ. ಒಂದು ದಿನ ಸುತ್ತಿಗೆ ಅಲ್ಲೇ ಬಿಟ್ಟು ವಾಡಿಗೆ ನಡೆದುಹೋಗಿ, ಸ್ಟೇಷನ್ನಿನ ಹಿಂದೆ ಮನೆ ಮಾಡಿಕೊಂಡಿದ್ದ ಅಬ್ದುಲ್ ಸಲಾಂ ಉಸ್ತಾದರ ಬಾಗಿಲಲ್ಲಿ ಕುಂತ. ಉಸ್ತಾದರು ಹೈದರಾಬಾದಿನ ಫೌಜಿ ಬ್ಯಾಂಡಿನಲ್ಲಿ ಊದಿ ಊದಿ ಪಿಂಚಣಿಗೆ ಬಂದವರು. ಮೊದಲ ವರ್ಷ ಅವರು ಜಟ್ಟೆಪ್ಪನ ಕೈಗೆ ಕಾರ್ನೆಟ್ಟಿನ ಬಾಯಿ ತುಂಡನ್ನಷ್ಟೇ ಕೊಟ್ಟರು. ಅದನ್ನು ಊದುತ್ತ ಅವನು ಓಣಿಯಲ್ಲಿ ತಿರುಗಿದರೆ ವಾಡಿಯ ಬಾತುಕೋಳಿಗಳೆಲ್ಲ ಸಾಲಾಗಿ ಹಿಂದೆ ಬರುತ್ತಿದ್ದವು.

ನಾಲ್ಕು ವರ್ಷ ತುಂಬಿದ ಮೇಲೆ ಜಟ್ಟೆಪ್ಪ ಚಿತ್ತಾಪುರದಲ್ಲಿ ಬ್ಯಾಂಡು ಕಟ್ಟುತ್ತೇನೆ ಅಂದ. ಆ ದಿನ ಉಸ್ತಾದರು ಅವನಿಗೆ ಒಂದು ಧುನ್ ಕೊಟ್ಟರು.

"ಇದು ನಂದಲ್ಲ ಬೇಟಾ. ನನ್ನ ಉಸ್ತಾದಂದು, ಅವರ ಉಸ್ತಾದಂದು. ಇದರಾಗ ಒಂದು ಸುರಾ ಸೈತ ಬದಲಾಗಬಾರದು. ನಾ ಹ್ಯಾಂಗ ಕೊಟ್ಟೀನಿ, ನೀ ಹಂಗೇ ಇನ್ನೊಬ್ಬಗ ಕೊಡಬೇಕು. ಕೊಡ್ತೀ?"

"ಕೊಡ್ತೀನ್ರಿ ಉಸ್ತಾದ್," ಎಂದು ಜಟ್ಟೆಪ್ಪ ಕಾರ್ನೆಟ್ ಮುಟ್ಟಿ ಮಾತು ಕೊಟ್ಟ.

ಆ ಧುನ್ ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೇರಿ, ತುತ್ತತುದಿಯಲ್ಲಿ ಗಿಡುಗನ ಹಾಗೆ ರೆಕ್ಕೆ ಆಡಿಸದೆ ತೇಲಿ, ಆಮೇಲೆ ಮೆಲ್ಲಗೆ ನೆಲಕ್ಕಿಳಿಯುತ್ತಿತ್ತು. ಜಟ್ಟೆಪ್ಪ ಅದನ್ನು ಮದುವೆ ಮೆರವಣಿಗೆಯ ಕೊನೆಗೆ, ಮದುಮಗ ಹೆಣ್ಣಿನ ಮನೆ ಬಾಗಿಲಿಗೆ ಬಂದಾಗ ಊದಲು ಶುರು ಮಾಡಿದ. ಎರಡೇ ವರ್ಷದಲ್ಲಿ ಅದು ರಿವಾಜೇ ಆಗಿಹೋಯಿತು. 'ಇಳಿಯುವ ಧುನ್' ಮುಗಿಯದೆ ಐದು ತಾಲೂಕಿನಲ್ಲಿ ಯಾವ ಮದುಮಗನೂ ಕುದುರೆಯಿಂದ ಕಾಲು ಕೆಳಗಿಡುತ್ತಿರಲಿಲ್ಲ.

ಬ್ಯಾಂಡಿನಲ್ಲಿ ಏಳು ಜನ, ಕೋಟು ಐದು. ಕೋಟಿಲ್ಲದ ಇಬ್ಬರು ನಡುವೆ ನಡೆಯುತ್ತಿದ್ದರು. ಒಬ್ಬರಿಗೂ ಸ್ವರ ಬರೆದ ಕಾಗದ ಓದಲು ಬರುತ್ತಿರಲಿಲ್ಲ. ಕಾರ್ನೆಟ್ ಎಲ್ಲಿ ಹೋಗುತ್ತದೋ ಉಳಿದವರೂ ಅಲ್ಲಿಗೆ. ಕಾರ್ನೆಟ್ ಬಾವಿಗೆ ಬಿದ್ದರೆ ಆರೂ ಜನ ತಾಳ ತಪ್ಪದೆ ಬಾವಿಗೆ ಬೀಳುವವರೇ.

ಫಸಲಿ ಸಾವಿರದ ಮುನ್ನೂರ ನಲವತ್ತು, ಅಂದರೆ ಇಂಗ್ರೇಜಿ ಲೆಕ್ಕಕ್ಕೆ ಸಾವಿರದ ಒಂಬೈನೂರ ಮೂವತ್ತೊಂದರ ಬೇಸಿಗೆ. ಶಹಾಬಾದಿನ ಒಂದು ಇಕ್ಕಟ್ಟಿನ ಓಣಿಯಲ್ಲಿ ಮೆರವಣಿಗೆ ನಡೆದಿತ್ತು. ದೊಡ್ಡ ಢೋಲಿನ ಹಾಜಿಮಲಂಗ್ ಮುಂದೆ, ಜಟ್ಟೆಪ್ಪ ಅವನ ಬೆನ್ನಿಗೆ. ಯಾರೋ ಕರೆದರೆಂದು ಹಾಜಿಮಲಂಗ್ ಗರಕ್ಕನೆ ಹಿಂದಕ್ಕೆ ತಿರುಗಿದ. ಢೋಲೂ ತಿರುಗಿತು. ಅದು ಕಾರ್ನೆಟ್ಟಿನ ಬಾಯಿಗೆ ಬಡಿಯಿತು, ಕಾರ್ನೆಟ್ ಜಟ್ಟೆಪ್ಪನ ಬಾಯಿಗೆ ಬಡಿಯಿತು. ಮೇಲಿನ ಸಾಲಿನ ಎದುರು ಹಲ್ಲು ಹಾರಿ ಎಲ್ಲಿ ಬಿತ್ತೋ ಈವತ್ತಿಗೂ ಸಿಕ್ಕಿಲ್ಲ.

"ಅಣ್ಣಾ, ನೋಡಲಿಲ್ಲೋ!" ಎಂದು ಹಾಜಿಮಲಂಗ್ ಅತ್ತ.

"ಅಳಬ್ಯಾಡೋ, ಹೊಡಿ ಢೋಲು. ಮದುಮಗ ಬಿಸಲಾಗ ಕುಂತಾನ," ಅಂದ ಜಟ್ಟೆಪ್ಪ, ರಕ್ತ ಒರೆಸಿಕೊಂಡು.

ಬಾಗಿಲಿಗೆ ಬಂದು ಇಳಿಯುವ ಧುನ್ ಎತ್ತಿದ. ಮೆಟ್ಟಿಲೆಲ್ಲ ಸರಿಯಾಗಿ ಹತ್ತಿದ. ತುದಿಯಲ್ಲಿ ತೇಲಬೇಕಾದ ಜಾಗದಲ್ಲಿ ಹಲ್ಲಿನ ಸಂದಿಯಿಂದ ಗಾಳಿ ಸೋರಿ ಸ್ವರ ತುಂಡಾಯಿತು. ಕಾರ್ನೆಟ್ ಬಿಕ್ಕಿತು. ಉಳಿದ ಆರು ಜನ, ಮಾಸ್ತರರು ಏನೋ ಹೊಸದು ಹಾಕಿದರೆಂದು, ಮರುಸಲಕ್ಕೆ ತಾವೂ ಬಿಕ್ಕಿದರು. ಮದುಮಗ ಖುಷಿಯಾಗಿ ಇಳಿದ.

ಮುಂದೆ ಅಷ್ಟೇ. ಜೊತೆಗಾರ ಹೋದನೆಂದು ಉಳಿದ ಹಲ್ಲುಗಳಿಗೂ ಬೇಸರ ಬಂದು, ಅವೂ ವರ್ಷಕ್ಕೆ ಎರಡರಂತೆ ಹೊರಟವು. ರಾವೂರಿನ ಕಲ್ಲುಕುಟಿಗನೊಬ್ಬ ಹಳೆಯ ಸ್ನೇಹಕ್ಕೆ ಪರ್ಸಿ ಕಲ್ಲಿನಲ್ಲೇ ಒಂದು ಹಲ್ಲು ಕಡೆದು ಕೊಟ್ಟ. ಅದು ಮೂರು ದಿನ ನಿಂತಿತು. ನಾಲ್ಕನೆಯ ದಿನ ಕಾರ್ನೆಟ್ಟಿನೊಳಗೆ ಇಳಿದು, ಇಡೀ ಮೆರವಣಿಗೆ ಗಡಗಡ ಅಂದಿತು.

"ಹಲ್ಲು ಬ್ಯಾಡ ಬಿಡ್ರಿ," ಅಂದಳು ಹೆಂಡತಿ ಮರೆಮ್ಮ. "ಅದನ್ನ ಬಾಯಾಗ ಇಟ್ಟುಕೊಂಡು ರೊಟ್ಟಿ ತಿಂದ್ರ, ನಮ್ಮನ್ಯಾಗ ಗಣಿ ಶುರು ಆಗ್ಯಾದ ಅಂತ ಮಂದಿ ಬರಾಕತ್ತಾರ."

ಉಸ್ತಾದರು ಒಂದು ಸಲ ಚಿತ್ತಾಪುರಕ್ಕೆ ಬಂದು ಮೆರವಣಿಗೆ ನೋಡಿದರು. ಬಿಕ್ಕಳಿಕೆ ಕೇಳಿದರು. ಬಯ್ಯಲಿಲ್ಲ. ಕೋಲಿನ ತುದಿಯಿಂದ ನೆಲ ಗೀರುತ್ತ ನಿಂತು, ಹೊರಡುವಾಗ ಇಷ್ಟೇ ಅಂದರು: "ಹಲ್ಲಿಗೆ ನೀ ಏನ್ ಮಾಡ್ತೀ ಪಾಪ. ಆದ್ರ ಒಬ್ಬಗಾದ್ರೂ ಸಾಫ್ ಕಲಿಸು, ಜಟ್ಟೆಪ್ಪ. ಒಬ್ಬಗ ಸಾಕು." ಮರು ವರ್ಷ ತೀರಿಕೊಂಡರು.

ಆ ಮಾತು ಜಟ್ಟೆಪ್ಪನ ಎದೆಯಲ್ಲಿ ಕಲ್ಲಾಗಿ ಕುಂತಿತು. ಅಷ್ಟರಲ್ಲಿ ಅವನ ಕೈಯಲ್ಲಿ ಕಲಿತವರು ಸೇಡಂ, ಚಿಂಚೋಳಿ, ಶಹಾಬಾದಿನಲ್ಲಿ ತಮ್ಮ ತಮ್ಮ ಬ್ಯಾಂಡು ಕಟ್ಟಿಯಾಗಿತ್ತು. ಬಾಯಿ ತುಂಬ ಹಲ್ಲಿದ್ದವರು ಹಲ್ಲಿಲ್ಲದವನ ಹಾಗೆ ಬಿಕ್ಕುವುದಕ್ಕೆ ಆರು ಆರು ತಿಂಗಳು ಸಾಧನೆ ಮಾಡಿದ್ದರು. ಜಟ್ಟೆಪ್ಪ ಸೇಡಂಗೆ ಹೋಗಿ, ಎಲ್ಲರಿಗಿಂತ ಚೆನ್ನಾಗಿ ಬಿಕ್ಕುತ್ತಿದ್ದ ಸಂಗಣ್ಣನಿಗೆ ಕೈ ಮುಗಿದ.

"ಸಂಗಣ್ಣ, ಅದು ಧುನ್ನಿನಾಗ ಇಲ್ಲೋ. ಅದು ನನ್ನ ಹಲ್ಲಿನ ಸಂದಿ. ಬಿಟ್ಟುಬಿಡು."

ಸಂಗಣ್ಣ ನಕ್ಕ. "ಗೊತ್ತದ ಬಿಡ್ರಿ ಮಾಸ್ತರ. ಎಲ್ಲಾ ಗುರುಗಳೂ ಅಸಲಿ ಮಾಲು ಶಿಷ್ಯರಿಂದ ಮುಚ್ಚಿಡ್ತಾರ. ನಾವು ಬಿಕ್ಕೋದು ಬಿಟ್ರ ನೀವೊಬ್ರೇ ಬಿಕ್ಕಬೇಕಂತ ಮಾಡೀರೇನು?"

"ಬಾಯಿ ತೆಗದು ತೋರಿಸ್ತೀನಿ, ನೋಡು!"

"ಹಲ್ಲು ನೀವಾಗೇ ಕೀಳಿಸ್ಕೊಂಡೀರಂತ ಊರೆಲ್ಲ ಹೇಳ್ತದ್ರಿ. ವಿದ್ಯಾಕ್ಕ ಅಷ್ಟು ತ್ಯಾಗ ನಮ್ಮ ಕೈಲೆ ಆಗಂಗಿಲ್ರಿ," ಎಂದು ಸಂಗಣ್ಣ ಅವನ ಕಾಲಿಗೆ ಬಿದ್ದ. ಕಾಲಿಗೆ ಬಿದ್ದವನೊಡನೆ ಜಗಳ ಆಡುವುದು ಹೇಗೆ? ಜಟ್ಟೆಪ್ಪ ಆಶೀರ್ವಾದ ಮಾಡಿ ಬಂದ.

ಕೊನೆಗೆ ಸಿಕ್ಕವನು ಅಂಬರಾಯ. ಬ್ಯಾಂಡಿಗೆ ಹೊಸದಾಗಿ ಸೇರಿ ದೊಡ್ಡ ಬಾಜಾದಲ್ಲಿ ತಾಳಕ್ಕೆ ಭೋಂ ಭೋಂ ಅಷ್ಟೇ ಊದುತ್ತಿದ್ದವನು, ಮೂವತ್ತೆರಡೂ ಹಲ್ಲಿನ ಗಟ್ಟಿಮುಟ್ಟಾದ ಆಳು. ಕಾರ್ನೆಟ್ಟನ್ನು ಎಂದೂ ಮುಟ್ಟಿದವನಲ್ಲ, ಹಾಗಾಗಿ ಅವನ ತುಟಿಗೆ ಬಿಕ್ಕಳಿಕೆ ಹತ್ತಿರಲಿಲ್ಲ. ಗುರುವಿನ ಮೇಲೆ ಅನುಮಾನ ಪಡುವಷ್ಟು ಚುರುಕಿನವನೂ ಅಲ್ಲ. ನಲವತ್ತಾರರ ಮಳೆಗಾಲ, ಲಗ್ನವಿಲ್ಲದ ನಾಲ್ಕು ತಿಂಗಳು, ಜಟ್ಟೆಪ್ಪ ಬೊಚ್ಚು ಬಾಯಲ್ಲಿ ಹಾಡಿ ಹಾಡಿ ಅವನಿಗೆ ಧುನ್ ತುಂಬಿದ. ತಪ್ಪಿದಾಗೆಲ್ಲ ಬೆನ್ನಿಗೆ ಗುದ್ದಿದ. ಅಂಬರಾಯನ ಬೆನ್ನು ಢೋಲಿಗಿಂತ ಚೆನ್ನಾಗಿ ಸದ್ದು ಕೊಡುತ್ತಿತ್ತು. ದಸರೆಯ ಹೊತ್ತಿಗೆ ಒಂದು ಮುಂಜಾನೆ ಅಂಬರಾಯನ ಕಾರ್ನೆಟ್ ಮೇಲೇರಿತು, ತೇಲಿತು, ಇಳಿಯಿತು. ಎಲ್ಲೂ ಮುರಿಯಲಿಲ್ಲ. ಜಟ್ಟೆಪ್ಪ ಅವನನ್ನು ವಾಡಿಗೆ ಕರೆದೊಯ್ದು ಉಸ್ತಾದರ ಅಂಗಳದಲ್ಲಿ ಊದಿಸಿದ. ಪರದೆಯ ಹಿಂದಿನಿಂದ ಉಸ್ತಾದರ ಹೆಂಡತಿ ಅಖ್ತರ ಬೇಗಂ, "ಹಾಂ. ಇದೇ ಅದ," ಅಂದರು. ಇನ್ನು ಅದು ಮಂದಿಯ ಎದುರು ಒಂದು ಮದುವೆಯಲ್ಲಿ ನಿಂತರೆ ಸಾಕು, ತನ್ನ ಮಾತು ಉಳಿಯಿತು ಅಂದುಕೊಂಡ ಜಟ್ಟೆಪ್ಪ.

ನಲವತ್ತೇಳರ ವೈಶಾಖದಲ್ಲಿ ಚಂದಾಪುರದ ಮದುವೆ ಬಂತು. ಮೆರವಣಿಗೆ ಹೆಣ್ಣಿನ ಮನೆ ಮುಟ್ಟಿತು. ಮದುಮಗನ ಸೋದರಮಾವ ಗೊಲ್ಲಾಳಪ್ಪ ಕುದುರೆಯ ಲಗಾಮು ಹಿಡಿದು ನಿಂತ. ಜಟ್ಟೆಪ್ಪ ಕಣ್ಣು ಮುಚ್ಚಿ ತಲೆ ಆಡಿಸಿದ. ಅಂಬರಾಯ ಊದಿದ. ಧುನ್ ತುದಿಗೇರಿ ತೇಲಿ, ಹೊಸ ಬಟ್ಟೆಯ ಹಾಗೆ ಮಡಿಕೆಯಿಲ್ಲದೆ ನೆಲಕ್ಕಿಳಿಯಿತು.

ಮದುಮಗ ಕುದುರೆಯ ಮೇಲೇ ಇದ್ದ.

"ಇಳೀರಿ," ಅಂದ ಜಟ್ಟೆಪ್ಪ.

"ಹ್ಯಾಂಗ ಇಳೀಲಿ? ಇನ್ನಾ ಬಿಕ್ಕೇ ಇಲ್ಲ," ಅಂದ ಮದುಮಗ.

ಗೊಲ್ಲಾಳಪ್ಪ ಮೀಸೆ ತಿರುವಿದ. "ಯಾಕ್ರಿ ಮಾಸ್ತರ, ಧುನ್ ನಡುವ ನುಂಗಿಬಿಟ್ರಿ?"

"ನುಂಗಿಲ್ರಿ ಯಜಮಾನ್ರ. ಪೂರಾ ಧುನ್ನೇ ಇದು. ಉಸ್ತಾದ್ ಕೊಟ್ಟಿದ್ದು ಹಿಂಗೇ."

"ನಮ್ಮಣ್ಣ ಇಳದಾಗ ಬಿಕ್ಕಿತ್ತು. ನಾ ಇಳದಾಗ ಬಿಕ್ಕಿತ್ತು. ನಮ್ಮ ಹುಡುಗ ಏನ್ ಕದ್ದು ಲಗ್ನ ಆಗಾಕತ್ತಾನೇನು?"

"ಬಿಕ್ಕದೆ ಇಳದ್ರ ಸಂಸಾರ ನಿಂದ್ರಂಗಿಲ್ಲಪ್ಪ," ಅಂದಳು ಗುಂಡಮ್ಮ, ಮದುಮಗನ ಅಜ್ಜಿ. "ನಮ್ಮ ಮುತ್ಯಾನ ಕಾಲದಿಂದ ನಡದು ಬಂದದ." ಹದಿನಾರು ವರ್ಷದ ಬಿಕ್ಕಳಿಕೆಗೆ ಆಕೆ ಒಂದೇ ಉಸಿರಿನಲ್ಲಿ ನೂರು ವರ್ಷ ಕೂಡಿಸಿದ್ದಳು.

"ತಪ್ಪು ನನ್ನ ಢೋಲಿಂದ್ರಿ! ನಾನೇ ತಿರುಗಿದ್ದು!" ಎಂದು ಹಾಜಿಮಲಂಗ್ ಕೂಗಿಕೊಂಡ. ಅವನ ಮಾತು ಯಾರಿಗೂ ಬೇಕಾಗಿರಲಿಲ್ಲ.

ಒಳಗಿನಿಂದ ಮುಹೂರ್ತ ಮೀರುತ್ತದೆಂದು ಕರೆ ಬಂತು. ಬಿಸಿಲಿಗೆ ಕುದುರೆ ಕಾಲು ಕೆರೆಯಿತು. "ಬಿಕ್ಕಿಸೋ!" ಎಂದು ಹತ್ತು ಬಾಯಿ ಅಂಬರಾಯನ ಮೇಲೆ ಬಿದ್ದವು. ಪಾಪ, ಅವನು ಕೆನ್ನೆ ಉಬ್ಬಿಸಿ ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಧುನ್ ಸಾಫಾಗಿಯೇ ಬಂತು.

"ನನಗ ಬರಂಗಿಲ್ರಿ ಮಾಸ್ತರ," ಎಂದು ಕಾರ್ನೆಟ್ ಮುಂದೆ ಹಿಡಿದ. "ನೀವು ಕಲಿಸಿಲ್ಲ."

ಜಟ್ಟೆಪ್ಪ ಕಾರ್ನೆಟ್ ನೋಡಿದ. ಕುದುರೆಯ ಮೇಲೆ ಬೆವರು ಒರೆಸಿಕೊಳ್ಳುತ್ತಿದ್ದ ಮದುಮಗನನ್ನು ನೋಡಿದ. ಒಳಗೆ ಅಕ್ಷತೆ ಹಿಡಿದು ನಿಂತ ಹೆಣ್ಣಿನ ಕಡೆಯವರನ್ನು ನೋಡಿದ. ಕಾರ್ನೆಟ್ಟನ್ನು ತನ್ನ ಬೊಚ್ಚು ಬಾಯಿಗೆ ಇಟ್ಟುಕೊಂಡ. ಬಿಕ್ಕಳಿಕೆ ಈಗ ಒಂದಲ್ಲ. ಮೆಟ್ಟಿಲು ಮೆಟ್ಟಿಲಿಗೂ ಗಾಳಿ ಸೋರಿತು. ಬ್ಯಾಂಡಿನವರು ನೆಲ ನೋಡುತ್ತ ಅವನ ಹಿಂದೆ ಹಿಂದೆ ಬಿಕ್ಕಿದರು. ಮಂದಿ ಹೋ ಎಂದು ಚಪ್ಪಾಳೆ ತಟ್ಟಿದರು. ಮದುಮಗ ಇಳಿದ.

"ಅಸಲಿ ಅಂದ್ರ ಇದು ನೋಡ್ರಿ!" ಎಂದು ಗೊಲ್ಲಾಳಪ್ಪ ಅವನ ಬೆನ್ನು ತಟ್ಟಿದ. "ಈಗಿನವರಿಗಿ ಎಲ್ಲಿ ಬರ್ತದ. ಇದನ್ನ ಮಾತ್ರ ಯಾರಿಗಾದ್ರೂ ಕಲಿಸಿ ಹೋಗ್ರಿ ಮಾಸ್ತರ, ಬದಲಾಗದಂಗ."

ಮಂದಿಯೆಲ್ಲ ಒಳಗೆ ನುಗ್ಗಿತು. ಚಪ್ಪರದಡಿ ಬ್ಯಾಂಡಿನವರಷ್ಟೇ ಉಳಿದರು.

"ಮಾಸ್ತರ," ಅಂದ ಅಂಬರಾಯ ಅಂಜುತ್ತ, "ಮುಂದಿನ ಲಗ್ನಕ್ಕ ನಾ ಯಾವುದು ಊದಲಿರಿ?"

ಜಟ್ಟೆಪ್ಪ ಕಾರ್ನೆಟ್ಟಿನ ಬಾಯಿಯನ್ನು ಧೋತರದ ಚುಂಗಿನಿಂದ ಒರೆಸಿದ. ಎಷ್ಟು ಹೊತ್ತು ಒರೆಸಿದನೆಂದರೆ ಹಿತ್ತಾಳೆ ಸವೆದೇ ಹೋಗಬೇಕಿತ್ತು. ಆಮೇಲೆ ಅದನ್ನು ಅಂಬರಾಯನ ಕೈಗಿಟ್ಟ.

"ಯಾವುದು ಊದಿದ್ರ ಅವರು ಇಳೀತಾರೋ, ಅದೇ ಊದೋ ಯಪ್ಪಾ."